ಸೀರಿಯಲ್, ವೆಬ್ ಸೀರೀಸ್ ಮಾಡುವವರಿಗೊಂದು ಬಹಿರಂಗ ಪತ್ರ: ಸೆಟ್ಟಿನಲ್ಲಿರುವ ಆ ಕಂಪ್ಯೂಟರನ್ನು ನಿಜವಾಗಿ ಆನ್ ಮಾಡಿ

ಕನ್ನಡ ಧಾರಾವಾಹಿ ಮತ್ತು ವೆಬ್ ಸರಣಿಗಳ ನಿರ್ದೇಶಕರಿಗೆ, ಬರಹಗಾರರಿಗೆ, ಅದರಲ್ಲೂ ಕಲಾ ನಿರ್ದೇಶಕರಿಗೆ,

ನಮಸ್ಕಾರ.

ತುಂಬಾ ದಿನದಿಂದ ಹೇಳಬೇಕು ಅಂದುಕೊಂಡಿದ್ದ ಒಂದು ದೂರು ಇದೆ, ಅದಕ್ಕೇ ಈ ಪತ್ರ. ನಾನು ವಿಮರ್ಶಕನೇನೂ ಅಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡಿದ್ದು ಈಗ ನಿವೃತ್ತನಾಗಿದ್ದೇನೆ. ರಾತ್ರಿ ಊಟ ಆದಮೇಲೆ ಮನೆಯವರ ಜೊತೆ ಕೂತು ನೀವು ಮಾಡಿದ್ದನ್ನು ನೋಡುತ್ತೇನೆ. ಮಧ್ಯೆ ಮಧ್ಯೆ "ಇದು ಹಾಗಲ್ಲ ಕಣೇ" ಅಂತ ಗೊಣಗಿ ಬೈಸಿಕೊಳ್ಳುತ್ತೇನೆ.

ಇತ್ತೀಚೆಗೆ ಒಂದು ಸರಣಿ ಬಂತು. ಹೆಸರು ಬೇಡ, ಮಾಡಿದವರಿಗೆ ಗೊತ್ತಾಗುತ್ತದೆ. ಕಥೆ ನಡೆಯುವುದು 1986ರ ಬೆಂಗಳೂರಿನಲ್ಲಿ. ಮನೆಯ ಸೆಟ್ ನೋಡಿದರೆ ಕೈ ಮುಗಿಯಬೇಕು ಅನಿಸಿತು. ರೆಡ್ ಆಕ್ಸೈಡ್ ನೆಲ, ಮೊಳೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗ, ಟಿವಿ ಮೇಲೆ ಕ್ರೋಷಾ ಹೊದಿಕೆ, ಹಜಾರದಲ್ಲಿ ಈಜಿ ಚೇರು. ಅಪ್ಪನ ಕೈಯಲ್ಲಿ ಎಚ್‌ಎಂಟಿ ವಾಚು ಕೂಡ ಇತ್ತು. ಯಾರೋ ಕಷ್ಟಪಟ್ಟಿದ್ದಾರೆ ಅಂತ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಮಗ ರೂಮಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ಕ್ಯಾಮೆರಾ ಹತ್ತಿರ ಹೋಯಿತು. ಕೀಬೋರ್ಡಿನಲ್ಲಿ ಸ್ಪೇಸ್‌ಬಾರ್ ಎಡಕ್ಕೆ ವಿಂಡೋಸ್ ಚಿಹ್ನೆಯ ಕೀ! ಆ ಕೀ ಹುಟ್ಟಿದ್ದೇ 1994ರಲ್ಲಿ. ಪಕ್ಕದಲ್ಲಿದ್ದ ಮೌಸ್‌ಗೆ ನಡುವೆ ಚಕ್ರ. ಅಂಥ ಮೌಸ್ ಎಲ್ಲ ಕಡೆ ಬಳಕೆಗೆ ಬಂದದ್ದು 1996ರ ನಂತರ. ಸ್ಕ್ರೀನ್ ಮೇಲೆ ಹಸಿರು ಅಕ್ಷರಗಳು ಮೇಲಿಂದ ಕೆಳಗೆ ಸುರಿಯುತ್ತಿದ್ದವು, ಅದು 1999ರ ಒಂದು ಹಾಲಿವುಡ್ ಸಿನಿಮಾದಿಂದ ಎತ್ತಿದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹುಡುಗ ಹತ್ತು ಬೆರಳಲ್ಲಿ ಟಕಟಕ ಒತ್ತಿದ. ಎಂಟರ್ ಕೀ ಒಮ್ಮೆಯೂ ಒತ್ತಲಿಲ್ಲ. ಆದರೂ ಸ್ಕ್ರೀನ್ ತುಂಬ ಕೆಂಪು ಅಕ್ಷರದಲ್ಲಿ "ಆಕ್ಸೆಸ್ ಗ್ರಾಂಟೆಡ್" ಅಂತ ಬಂತು.

ಹಳೇ ಕಂಪನಿ ನಾಟಕಗಳಲ್ಲಿ ಭೀಮ ಕೈಗಡಿಯಾರ ಕಟ್ಟಿಕೊಂಡೇ ರಂಗಕ್ಕೆ ಬಂದ ಹಾಗಾಯಿತು. ಆದರೆ ನಾಟಕದವರು ಅದನ್ನು ಮರೆತು ಮಾಡುತ್ತಿದ್ದರು. ನೀವು ಕ್ಲೋಸಪ್ ಇಟ್ಟು ತೋರಿಸುತ್ತೀರಿ.

"ಇದನ್ನೆಲ್ಲ ಯಾರು ಗಮನಿಸ್ತಾರೆ ಸಾರ್" ಅಂತ ನೀವು ಕೇಳಬಹುದು. ಬೆಂಗಳೂರಿನ ಕಥೆಯಲ್ಲಿ ಕಂಪ್ಯೂಟರ್ ತಪ್ಪಾದರೆ ಯಾರೂ ಗಮನಿಸುವುದಿಲ್ಲ ಅನ್ನುವುದು ನನಗಂತೂ ಅರ್ಥ ಆಗದ ಮಾತು. ನಿಮ್ಮ ನೋಡುಗರಲ್ಲಿ ಅರ್ಧ ಜನ ಹೊಟ್ಟೆ ಹೊರೆಯುವುದೇ ಅದರಿಂದ, ಅಲ್ವಾ? ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಮನೆಗಳಿಗೆ ಕಂಪ್ಯೂಟರ್ ಬರುವ ಮೊದಲೇ ಅದನ್ನು ಮನೆಮನೆಗೆ ತೋರಿಸಿದ್ದು ಟಿವಿ. ಆ ಕಾಲದ ಟಿವಿಯವರು ಈ ಯಂತ್ರವನ್ನು ಹೇಗೆ ತೋರಿಸಿದರು ಅನ್ನುವುದು ನಿಮ್ಮ ಕಸುಬಿನದ್ದೇ ಚರಿತ್ರೆ. ಅದನ್ನು ಸ್ವಲ್ಪ ತಿರುವಿ ನೋಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ಮೊದಲಿಗೆ, ಎಲ್ಲರೂ ಸಾಚಾ ಇದ್ದರು ಅಂತ ನಾನು ಹೇಳುವುದಿಲ್ಲ. 1960ರ ದಶಕದ ಅಮೆರಿಕನ್ ಸೀರಿಯಲ್‌ಗಳಲ್ಲಿ ಕಂಪ್ಯೂಟರ್ ಅಂದರೆ ಗೋಡೆ ತುಂಬ ಮಿನುಗುವ ದೀಪ. 1966ರ ಬ್ಯಾಟ್‌ಮ್ಯಾನ್ ಸರಣಿಯ ಗುಹೆಯಲ್ಲಿ ಇದ್ದದ್ದು ಬರೋಸ್ ಕಂಪನಿಯ ಬಿ205 ಯಂತ್ರದ ಪ್ಯಾನೆಲ್. ಅಮೆರಿಕದ ವಾಯುರಕ್ಷಣೆಗೆ ಐಬಿಎಂ ಮಾಡಿಕೊಟ್ಟಿದ್ದ ಎಎನ್/ಎಫ್‌ಎಸ್‌ಕ್ಯೂ-7 ಅನ್ನುವ ದೈತ್ಯ ಯಂತ್ರದ ಪ್ಯಾನೆಲ್‌ಗಳು ಎಷ್ಟೋ ಸಿನಿಮಾ, ಸೀರಿಯಲ್‌ಗಳಲ್ಲಿ ಅಂತರಿಕ್ಷ ನೌಕೆಯಾಗಿ, ಕಾಲಯಾನದ ಯಂತ್ರವಾಗಿ ಮಿನುಗಿವೆ. ಅವು ಸುಮ್ನೆ ಮಿನುಗುತ್ತಿದ್ದವು ಅಷ್ಟೇ, ಲೆಕ್ಕ ಏನೂ ಮಾಡುತ್ತಿರಲಿಲ್ಲ. ಆದರೆ ಆಗ ನೋಡುವವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಕಂಪ್ಯೂಟರ್ ಕಂಡವರೇ ಕಡಿಮೆ. ಅವರಿಗೆ ಆ ರಿಯಾಯಿತಿ ಇತ್ತು. ನಿಮಗೆ ಇಲ್ಲ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೆ ರೀತಿ ಶುರುವಾಗಿತ್ತು. 1967ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯ ಟುಮಾರೋಸ್ ವರ್ಲ್ಡ್ ಕಾರ್ಯಕ್ರಮ ರೆಕ್ಸ್ ಮಲಿಕ್ ಅನ್ನುವವರ ಮನೆಗೆ ಹೋಯಿತು. ಯುರೋಪಿನಲ್ಲೇ ಮನೆಯೊಳಗೆ ಬಂದ ಮೊದಲ ಕಂಪ್ಯೂಟರ್ ಟರ್ಮಿನಲ್ ಅಂತ ಅದನ್ನು ಪರಿಚಯಿಸಿದರು. ಕಂಪ್ಯೂಟರ್ ಮನೆಯಲ್ಲಿರಲಿಲ್ಲ. ಅದು ಎಲ್ಲೋ ದೂರದಲ್ಲಿ, ಮನೆಯಲ್ಲಿ ಟೈಪ್‌ರೈಟರಿನಂಥ ಟರ್ಮಿನಲ್ ಮಾತ್ರ, ನಡುವೆ ಟೆಲಿಫೋನ್ ತಂತಿ. ಖರ್ಚು ವಾರಕ್ಕೆ 30 ಪೌಂಡ್ ಅಂತಲೂ ಹೇಳಿದರು. ಆಗಿನ ಕಾಲಕ್ಕೆ ಅದು ಸಾಮಾನ್ಯರ ಕೈಗೆ ಎಟುಕದ ಹಣ. ನನಗೆ ಇಷ್ಟವಾಗುವುದು ಅದೇ. ಆಶ್ಚರ್ಯವನ್ನೂ ತೋರಿಸಿದರು, ಬಿಲ್ಲನ್ನೂ ತೋರಿಸಿದರು.

ಹದಿನೈದು ವರ್ಷ ಆದಮೇಲೆ ಅದೇ ರೆಕ್ಸ್ ಮಲಿಕ್ ಇನ್ನೊಂದು ಬಿಬಿಸಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ನನ್ನ ಪತ್ರದ ಮುಖ್ಯ ಸಾಕ್ಷಿ ಆ ಕಾರ್ಯಕ್ರಮವೇ. ಹೆಸರು ದಿ ಕಂಪ್ಯೂಟರ್ ಪ್ರೋಗ್ರಾಮ್. 1982ರ ಜನವರಿಯಲ್ಲಿ ಶುರುವಾಯಿತು, ಒಟ್ಟು 10 ಕಂತು. ಅದರ ಹಿಂದೆ ಒಂದು ಕಥೆ ಇದೆ. 1978ರಲ್ಲಿ ಬಿಬಿಸಿಯ ಹೊರೈಜನ್ ಸರಣಿಯಲ್ಲಿ ಮೈಕ್ರೋಚಿಪ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂದಿತ್ತು. ಈ ಚಿಪ್ ಬಂದರೆ ಎಷ್ಟು ಜನರ ಕೆಲಸ ಹೋಗುತ್ತದೆ ಅಂತ ದೇಶವೇ ಗಾಬರಿಯಾಯಿತು. ಹಾಗಾದರೆ ಜನರಿಗೆ ಕಂಪ್ಯೂಟರ್ ಕಲಿಸೋಣ ಅಂತ ಬಿಬಿಸಿ ಹೊರಟಿತು. ಸುಮ್ನೆ ಮಾತಾಡಿದರೆ ಸಾಲದು, ನೋಡುವವರು ಮನೆಯಲ್ಲಿ ಅದೇ ಯಂತ್ರದಲ್ಲಿ ಮಾಡಿ ನೋಡುವಂತಿರಬೇಕು ಅಂತ ತೀರ್ಮಾನಿಸಿ, ಕೇಂಬ್ರಿಡ್ಜಿನ ಏಕಾರ್ನ್ ಅನ್ನುವ ಸಣ್ಣ ಕಂಪನಿಯಿಂದ ಒಂದು ಕಂಪ್ಯೂಟರ್ ಮಾಡಿಸಿ ತನ್ನ ಹೆಸರನ್ನೇ ಅದಕ್ಕೆ ಇಟ್ಟಿತು. ಅದೇ ಬಿಬಿಸಿ ಮೈಕ್ರೋ. 12,000 ಮಾರಾಟವಾದರೆ ಹೆಚ್ಚು ಅಂದುಕೊಂಡಿದ್ದರು. ಕೊನೆಗೆ 15 ಲಕ್ಷ ದಾಟಿತು. ಏಕಾರ್ನ್‌ನಲ್ಲಿ ಅದನ್ನು ರೂಪಿಸಿದ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇಬ್ಬರೇ ಮುಂದೆ ಎಆರ್‌ಎಂ ಚಿಪ್ಪನ್ನೂ ರೂಪಿಸಿದರು. ಇವತ್ತು ನಿಮ್ಮ ಜೇಬಿನ ಫೋನಿನಲ್ಲಿರುವುದು ಆ ಚಿಪ್ಪಿನ ವಂಶದ್ದೇ.

ಆ ಕಾರ್ಯಕ್ರಮದ ನಿರೂಪಕರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಇಯಾನ್ ಮೆಕ್‌ನಾಟ್-ಡೇವಿಸ್ ಕಂಪ್ಯೂಟರ್ ಬಗ್ಗೆ ಗೊತ್ತಿದ್ದವರು. ಕ್ರಿಸ್ ಸರ್ಲ್ ಏನೂ ಗೊತ್ತಿಲ್ಲದವರು. ಬೇಕು ಅಂತಲೇ ಗೊತ್ತಿಲ್ಲದವರನ್ನು ಕೂರಿಸಿದ್ದರು. ಮನೆಯಲ್ಲಿ ಕೂತವರಿಗೆ ಬರುವ ಪೆದ್ದು ಪ್ರಶ್ನೆಗಳನ್ನೆಲ್ಲ ಸರ್ಲ್ ಕೇಳುತ್ತಿದ್ದರು. ಅವರು ಹುಡುಕಿ ಹುಡುಕಿ ಒಂದೊಂದೇ ಕೀ ಒತ್ತುತ್ತಿದ್ದರು. ಬಂದ ಉತ್ತರ ನಿಜವಾಗಿ ಆ ಯಂತ್ರದಿಂದಲೇ ಬಂದದ್ದು. ನೋಡುವವರು ಅದನ್ನು ಬರೆದುಕೊಂಡು ತಮ್ಮ ಕಂಪ್ಯೂಟರಿನಲ್ಲಿ ಒತ್ತಿದರೆ ಅದೇ ಉತ್ತರ ಬರಬೇಕು. ಬರದಿದ್ದರೆ ಮಾನ ಹೋಗುತ್ತಿತ್ತು. ಆ ಭಯ ಇವತ್ತು ಎಷ್ಟು ಸೆಟ್ಟುಗಳಲ್ಲಿ ಇದೆ ಹೇಳಿ. ಆಮೇಲೆ ಟೆಲಿಟೆಕ್ಸ್ಟ್, ಅಂದರೆ ಟಿವಿ ಸಿಗ್ನಲ್ ಜೊತೆಗೇ ಅಕ್ಷರದ ಪುಟ ಕಳಿಸುವ ವ್ಯವಸ್ಥೆಯ ಮೂಲಕ ಸಾಫ್ಟ್‌ವೇರನ್ನೇ ಮನೆಗಳಿಗೆ ಕಳಿಸಿದರು. ಆಂಟೆನಾದಲ್ಲಿ ಬಂದ ಪ್ರೋಗ್ರಾಮ್ ಅಡಾಪ್ಟರ್ ಮೂಲಕ ಕಂಪ್ಯೂಟರಿಗೆ ಇಳಿಯುತ್ತಿತ್ತು.

ಇನ್ನು ಹ್ಯಾಕಿಂಗ್. ನಿಮಗೆ ತುಂಬಾ ಇಷ್ಟವಾದ ವಿಷಯ. ಟಿವಿಯಲ್ಲಿ ನಿಜವಾದ ಹ್ಯಾಕಿಂಗ್ ನೇರಪ್ರಸಾರದಲ್ಲೇ ನಡೆದದ್ದು ಗೊತ್ತಾ? 1983ರ ಅಕ್ಟೋಬರ್ 2ರಂದು, ಇದೇ ಕಾರ್ಯಕ್ರಮದ ಮುಂದಿನ ಸರಣಿಯ ಲೈವ್ ಕಂತಿನಲ್ಲಿ. ಇಮೇಲ್ ಅಂದರೆ ಏನು ಅಂತ ತೋರಿಸೋಣ ಅಂತ ಸ್ಟುಡಿಯೋದಿಂದ ಫೋನ್ ಲೈನ್ ಮೂಲಕ ಲಾಗಿನ್ ಆದರು. ಅಂಚೆಪೆಟ್ಟಿಗೆ ತೆರೆಯಬೇಕಾದ ಜಾಗದಲ್ಲಿ ಒಂದು ತಮಾಷೆ ಪದ್ಯ ಬಂತು. ಯಾರೋ ಕಿಲಾಡಿಗಳು ಪಾಸ್‌ವರ್ಡ್ ಕದ್ದು ಒಳಗೆ ನುಗ್ಗಿ, ಹ್ಯಾಕರ್‌ನ ಹಾಡು ಅಂತ ಬರೆದಿಟ್ಟು ಹೋಗಿದ್ದರು. ಸಾದಾ ಅಕ್ಷರ, ಸಾದಾ ಸ್ಕ್ರೀನ್. ಸೈರನ್ ಇಲ್ಲ, ಕೆಂಪು ದೀಪ ಇಲ್ಲ, ತಲೆಬುರುಡೆ ಚಿತ್ರ ಇಲ್ಲ. ನಿರೂಪಕರ ಮುಖ ಮಾತ್ರ ನೋಡಬೇಕಿತ್ತು. ಇದಕ್ಕಿಂತ ಒಳ್ಳೆ ಡ್ರಾಮಾ ಯಾವ ಗ್ರಾಫಿಕ್ಸಿನಿಂದ ಬರುತ್ತದೆ? ನೀವೂ ಒಮ್ಮೆ ಹಾಗೇ ಬರೆದು ನೋಡಿ. ಹಳ್ಳಿಯ ಸೊಸೈಟಿ ಬ್ಯಾಂಕಿನ ಕಂಪ್ಯೂಟರ್ ಆನ್ ಮಾಡಿದರೆ ಒಂದು ಚುಟುಕ ಬಂತು ಅಂತಿಟ್ಟುಕೊಳ್ಳಿ. ನಾನಂತೂ ಮುಂದಿನ ಕಂತು ಬಿಡದೆ ನೋಡುತ್ತೇನೆ.

ಅದೇ ವರ್ಷ ಅಮೆರಿಕದ ಸಿಬಿಎಸ್‌ನಲ್ಲಿ ವಿಜ್ ಕಿಡ್ಸ್ ಅಂತ ಒಂದು ಸರಣಿ ಬಂತು. ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡ ಹುಡುಗ, ಅವನ ಗೆಳೆಯರು, ವಾರಕ್ಕೊಂದು ಅಪರಾಧ ಪತ್ತೆ. ಒಂದೇ ಸೀಸನ್ನಿಗೆ ನಿಂತುಹೋಯಿತು. ನಿಮ್ಮ "ಟಕಟಕ ಒತ್ತಿ ಎಲ್ಲ ಕಂಡುಹಿಡಿಯುವ" ಹುಡುಗನ ಅಜ್ಜ ಇವನೇ ಇರಬೇಕು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಹೇಳಬೇಕಾದ್ದು ಲಂಡನ್ನಿನ ಥೇಮ್ಸ್ ಟೆಲಿವಿಷನ್‌ನ ಡೇಟಾಬೇಸ್ ಕಾರ್ಯಕ್ರಮದ್ದು, 1984ರದ್ದು. ಅಂತರ್ಜಾಲದಲ್ಲಿ ಸಿಗುತ್ತದೆ, ದಯವಿಟ್ಟು ನೋಡಿ. ಗಂಡ ಹೆಂಡತಿ, ಅವರ ಮನೆ, ಮೇಜಿನ ಮೇಲೆ ಬಿಬಿಸಿ ಮೈಕ್ರೋ. ಇಮೇಲ್ ಹೇಗೆ ಕಳಿಸುವುದು ಅಂತ ತೋರಿಸುತ್ತಾರೆ. ಕಂಪ್ಯೂಟರಿನ ಪಕ್ಕದಲ್ಲಿ ಅದನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್, ಅದರ ಪಕ್ಕ ಡಯಲ್ ತಿರುಗಿಸುವ ಫೋನು. ಆತ ರಿಸೀವರ್ ಎತ್ತಿ, ಬೆರಳು ಹಾಕಿ ಒಂದೊಂದೇ ಅಂಕಿ ತಿರುಗಿಸುತ್ತಾರೆ. ಪ್ರತಿ ಅಂಕಿಗೂ ಡಯಲ್ ಗಿರ್ರನೆ ವಾಪಸ್ ಬರುವವರೆಗೆ ಕಾಯಬೇಕು. ಆ ಕಡೆಯಿಂದ ಕಂಪ್ಯೂಟರಿನ ಕೀಚು ದನಿ ಕೇಳಿದ ಮೇಲೆ ಲೈನು ಸಿಕ್ಕಿತು ಅಂತ ಲೆಕ್ಕ. ಆಮೇಲೆ ಪ್ರೆಸ್ಟೆಲ್ ಅನ್ನುವ, ಫೋನ್ ಮೂಲಕ ಮಾಹಿತಿ ಕೊಡುವ ಸೇವೆಯ ಪುಟ ಸ್ಕ್ರೀನ್ ಮೇಲೆ ಬರುತ್ತದೆ. ಇದನ್ನೆಲ್ಲ ಮಾಡಿ ಮುಗಿಸಿ ಇದು ಬಹಳ ಸುಲಭ ಅನ್ನುವ ಮುಖ ಮಾಡುತ್ತಾರೆ. ನಗು ಬರುತ್ತದೆ. ಆದರೆ ಒಂದು ಹೆಜ್ಜೆಯನ್ನೂ ಕತ್ತರಿಸಿಲ್ಲ ನೋಡಿ. ಆ ಕಾಲ ಹೇಗಿತ್ತು ಅಂತ ಇವತ್ತಿನ ಹುಡುಗರಿಗೆ ಅರ್ಥವಾಗುವುದು ಆ ಗಿರ್ರ್ ಸದ್ದಿನಿಂದಲೇ.

"ಅದೆಲ್ಲ ಪಾಠದ ಕಾರ್ಯಕ್ರಮ, ನಮ್ಮದು ಕಥೆ" ಅಂತ ನೀವು ಹೇಳುತ್ತೀರಿ. ಸರಿ, ಕಥೆಗೇ ಬರೋಣ. 1981ರ ಜನವರಿಯಲ್ಲಿ ಬಿಬಿಸಿಯಲ್ಲಿ ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ ಸರಣಿ ಬಂತು. ಅದರಲ್ಲಿ ಒಂದು ಪುಸ್ತಕದಂಥ ಯಂತ್ರ, ಅದರ ಸ್ಕ್ರೀನ್ ಮೇಲೆ ಅಕ್ಷರ, ಚಿತ್ರ, ಗೆರೆ ಎಲ್ಲ ಓಡುತ್ತವೆ. ನೋಡಿದವರೆಲ್ಲ ಕಂಪ್ಯೂಟರ್ ಗ್ರಾಫಿಕ್ಸ್ ಅಂದುಕೊಂಡರು. ಅದರಲ್ಲಿ ಕಂಪ್ಯೂಟರಿನದ್ದು ಏನೂ ಇಲ್ಲ! ರಾಡ್ ಲಾರ್ಡ್ ಮತ್ತು ಅವರ ಜೊತೆಯವರು ಹಾಳೆ ಹಾಳೆಯಾಗಿ ಕೈಯಿಂದ ಮಾಡಿ, ಹಿಂದಿನಿಂದ ಬೆಳಕು ಬಿಟ್ಟು, ಒಂದೊಂದೇ ಫ್ರೇಮ್ ತೆಗೆದದ್ದು. ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. 1985ರ ಮ್ಯಾಕ್ಸ್ ಹೆಡ್‌ರೂಮ್ ಕೂಡ ಅಷ್ಟೇ. ಕಂಪ್ಯೂಟರ್ ಸೃಷ್ಟಿಸಿದ ಮುಖ ಅಂತ ಜಾಹೀರಾತು, ಒಳಗೆ ಇದ್ದದ್ದು ಮ್ಯಾಟ್ ಫ್ರೂವರ್ ಅನ್ನುವ ನಟ, ಮುಖಕ್ಕೆ ಗಂಟೆಗಟ್ಟಲೆ ಮೇಕಪ್ ಮೆತ್ತಿಸಿಕೊಂಡು, ಫೈಬರ್‌ಗ್ಲಾಸ್ ಕೋಟು ಹಾಕಿಕೊಂಡು ಕೂತವನು. ಇವರೂ ಸುಳ್ಳು ತೋರಿಸಿದವರೇ. ಆದರೆ ಆ ಸುಳ್ಳಿಗೆ ಎಷ್ಟು ಬೆವರು ಸುರಿಸಿದರು ನೋಡಿ. ನಿಮ್ಮ ಹಸಿರು ಅಕ್ಷರದ ವಿಡಿಯೋ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವಂಥದ್ದು. ಅದೇ ವಿಡಿಯೋವನ್ನು ಬೇರೆ ಬೇರೆ ಸರಣಿಗಳಲ್ಲಿ ನೋಡಿ ನೋಡಿ ನನಗೆ ಅದರ ಅಕ್ಷರ ಬಾಯಿಪಾಠ ಆಗುವ ಹಾಗಿದೆ.

ಕಂಪ್ಯೂಟರ್ ಸುಮ್ನೆ ಮೇಜಿನ ಮೇಲೆ ಕೂತಿದ್ದರೂ ಕಥೆ ಹೇಳುತ್ತದೆ. ಸೈನ್‌ಫೆಲ್ಡ್ ಸರಣಿಯಲ್ಲಿ ನಾಯಕನ ಮನೆಯ ಮೂಲೆಯ ಮೇಜಿನಲ್ಲಿ ಒಂದು ಆಪಲ್ ಮ್ಯಾಕ್ ಇರುತ್ತದೆ. ಅದನ್ನು ಬಳಸುವ ದೃಶ್ಯಗಳೇ ಕಡಿಮೆ. ಆದರೆ ವರ್ಷ ಕಳೆದ ಹಾಗೆ ಆ ಮ್ಯಾಕ್ ಬದಲಾಗುತ್ತಾ ಹೋಗುತ್ತದೆ, ಹಳೇ ಡಬ್ಬಿಯಿಂದ ಹೊಸ ಮಾದರಿಗೆ. ಡೂಗಿ ಹೌಸರ್ ಅನ್ನುವ ಹುಡುಗ ಡಾಕ್ಟರನ ಸರಣಿ 1989ರಲ್ಲಿ ಶುರುವಾಯಿತು. ಪ್ರತಿ ಕಂತಿನ ಕೊನೆಗೆ ಅವನು ತನ್ನ ಕಂಪ್ಯೂಟರಿನಲ್ಲಿ ದಿನಚರಿ ಬರೆಯುತ್ತಾನೆ. ನೀಲಿ ಸ್ಕ್ರೀನು, ಬಿಳಿ ಅಕ್ಷರ, ನಾಲ್ಕು ಸಾಲು. ಅಷ್ಟೇ. ಒತ್ತಿದ್ದು ಕಾಣುತ್ತದೆ, ನೋಡುವವರು ಓದುತ್ತಾರೆ. ಒಬ್ಬ ಮನುಷ್ಯ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬಹುಮಟ್ಟಿಗೆ ಮಾಡುವುದು ಅದನ್ನೇ ತಾನೇ.

ಈಗ ನಮ್ಮ ಕಡೆಗೆ ಬರುತ್ತೇನೆ. 1989ರಲ್ಲಿ ದೂರದರ್ಶನದಲ್ಲಿ ಇಂದ್ರಧನುಷ್ ಅನ್ನುವ ಹಿಂದಿ ಸರಣಿ ಬಂತು, ಆನಂದ್ ಮಹೇಂದ್ರೂ ಮಾಡಿದ್ದು. ಮಕ್ಕಳು ಕಂಪ್ಯೂಟರ್ ಜೋಡಿಸುತ್ತಾರೆ, ಅದು ಕಾಲಯಾನದ ಯಂತ್ರ ಆಗಿಬಿಡುತ್ತದೆ, 1942ರ ಚಳವಳಿಯ ಕಾಲಕ್ಕೆ ಹೋಗುತ್ತಾರೆ. ನಮ್ಮ ಗಿರೀಶ್ ಕಾರ್ನಾಡರೂ ಅದರಲ್ಲಿ ನಟಿಸಿದ್ದರು. ಕಾರ್ನಾಡರು ಟರ್ನಿಂಗ್ ಪಾಯಿಂಟ್ ಅನ್ನುವ ವಿಜ್ಞಾನ ಕಾರ್ಯಕ್ರಮವನ್ನು ದೂರದರ್ಶನಕ್ಕೆ ನಡೆಸಿಕೊಟ್ಟದ್ದು ನಿಮಗೆ ನೆನಪಿರಬಹುದು. ಕಾಲಯಾನ ಶುದ್ಧ ಕಲ್ಪನೆ, ಒಪ್ಪಿದೆ. ಆದರೆ ಕಂಪ್ಯೂಟರ್ ಅಂದರೆ ಬಿಡಿಭಾಗಗಳಿಂದ ಮಾಡಿದ ವಸ್ತು, ಮಕ್ಕಳೂ ಕೂತು ಜೋಡಿಸಬಹುದು ಅನ್ನುವ ಮಾತು ಆ ಕಥೆಯಲ್ಲಿತ್ತು. ಮನೆಗೆ ಕಂಪ್ಯೂಟರ್ ಬರುವುದು ಕನಸಾಗಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಕನಸು ಅಂದೆ. ಇದು ನಿಮಗೆ ಬಹಳ ಮುಖ್ಯ. 1986ರ ಮಲ್ಲೇಶ್ವರದ ಗುಮಾಸ್ತರ ಮನೆಯ ರೂಮಿನಲ್ಲಿ ಕಂಪ್ಯೂಟರ್ ಇರುತ್ತಿರಲಿಲ್ಲ. ಅದರ ಬೆಲೆಗೆ ಸೈಟು ಸಿಗುತ್ತದೆ ಅಂತ ಹಿರಿಯರು ಬೈಯುತ್ತಿದ್ದರು. ಹುಡುಗ ಕಂಪ್ಯೂಟರ್ ನೋಡಬೇಕಾದರೆ ಕಾಲೇಜಿನ ಲ್ಯಾಬಿಗೋ, ಅಪ್ಪನ ಆಫೀಸಿಗೋ, ಹೊಸದಾಗಿ ತೆರೆದ ಟ್ರೈನಿಂಗ್ ಸೆಂಟರಿಗೋ ಹೋಗಬೇಕಿತ್ತು. ಅಥವಾ ಶಾಲೆಗೆ. 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕ್ಲಾಸ್ ಅನ್ನುವ ಯೋಜನೆ ಶುರು ಮಾಡಿತು. ದೇಶದಲ್ಲಿ ಮೊದಲಿಗೆ ಸುಮಾರು 250 ಶಾಲೆ. ಬಂದ ಯಂತ್ರ ಯಾವುದು ಗೊತ್ತಾ? ಅದೇ ಬಿಬಿಸಿ ಮೈಕ್ರೋ. ಟಿವಿ ಕಾರ್ಯಕ್ರಮಕ್ಕೆ ಅಂತ ಹುಟ್ಟಿದ ಯಂತ್ರ ನಮ್ಮ ಶಾಲೆಗಳಿಗೂ ಬಂತು. ಆಮೇಲೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಅದನ್ನು ಇಲ್ಲೇ ಎಸ್‌ಸಿಎಲ್ ಯೂನಿಕಾರ್ನ್ ಹೆಸರಲ್ಲಿ ಮಾಡಿತು. ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಅನ್ನುವ ಸಣ್ಣ ಮನೆ ಕಂಪ್ಯೂಟರನ್ನು ಪುಣೆಯ ಡೆಸಿಬೆಲ್ಸ್ ಕಂಪನಿ ಡಿಬಿ ಸ್ಪೆಕ್ಟ್ರಮ್ ಅಂತ ಮಾರುತ್ತಿತ್ತು. ದೊಡ್ಡ ಯಂತ್ರ ಬೇಕಾದರೆ ಬೆಂಗಳೂರಿನದೇ ಪಿಎಸ್‌ಐ (ಪ್ರೊಸೆಸರ್ ಸಿಸ್ಟಮ್ಸ್ ಇಂಡಿಯಾ) ಕಂಪನಿ ಇತ್ತು, ವಿಪ್ರೋ ಇತ್ತು. ನಿಮ್ಮ ಕಥೆಗೆ ಬೇಕಾದ ಡಬ್ಬಿಗಳೆಲ್ಲ ಇಲ್ಲೇ ಇದ್ದವು. ವಿದೇಶಿ ಸಿನಿಮಾ ನೋಡಿ ಊಹಿಸುವ ಅಗತ್ಯ ಇಲ್ಲ.

ಲ್ಯಾಬ್ ತೋರಿಸುವುದಾದರೆ ಬಾಗಿಲಿಂದಲೇ ಶುರು ಮಾಡಿ. ಹೊರಗೆ ಸಾಲಾಗಿ ಚಪ್ಪಲಿ. ಕಂಪ್ಯೂಟರ್ ರೂಮಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ, ಧೂಳು ಬಿದ್ದರೆ ಹಾಳಾಗುತ್ತದೆ ಅಂತ. ಇಡೀ ಕಾಲೇಜಿನಲ್ಲಿ ಎಸಿ ಇದ್ದದ್ದು ಆ ಒಂದು ರೂಮಿಗೆ, ಪ್ರಿನ್ಸಿಪಾಲರ ಚೇಂಬರಿಗೂ ಇರಲಿಲ್ಲ. ಬೇಸಿಗೆಯಲ್ಲಿ ಲೆಕ್ಚರರುಗಳು ಏನೋ ಕೆಲಸ ಇದ್ದ ಹಾಗೆ ಬಂದು ಕೂರುತ್ತಿದ್ದರು. ಪ್ರತಿ ಯಂತ್ರಕ್ಕೂ ಬಟ್ಟೆಯ ಹೊದಿಕೆ, ಸಂಜೆ ಮರೆಯದೆ ಹೊದಿಸಬೇಕು. ಒಂದು ಯಂತ್ರಕ್ಕೆ ಮೂವರು ಹುಡುಗರು, ಒಬ್ಬ ಒತ್ತುವವನು, ಇಬ್ಬರು ಹಿಂದೆ ನಿಂತು ತಪ್ಪು ಹೇಳುವವರು. ಪ್ರೋಗ್ರಾಮ್ ಮೊದಲು ಅಬ್ಸರ್ವೇಶನ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಮಾತ್ರ ಕೀಬೋರ್ಡ್ ಮುಟ್ಟಲು ಬಿಡುತ್ತಿದ್ದೆವು. ಫ್ಲಾಪಿ ಬೀರುವಿನಲ್ಲಿ, ಬೀರುವಿನ ಬೀಗದ ಕೈ ನನ್ನ ಹತ್ತಿರ. ಕರೆಂಟ್ ಹೋದರೆ ಬರೆದದ್ದೆಲ್ಲ ಹೋಯಿತು. ಇಷ್ಟೆಲ್ಲ ದೃಶ್ಯ ಬಿದ್ದಿರುವಾಗ ಯಾಕೆ ಸ್ವಾಮಿ ಹಸಿರು ಅಕ್ಷರ?

ಸ್ಕ್ರೀನ್ ಮೇಲೆ ಏನು ಬರಬೇಕು ಅಂತ ಕೇಳಿದರೆ ಅದನ್ನೂ ಹೇಳುತ್ತೇನೆ. ಬಿಬಿಸಿ ಮೈಕ್ರೋ ಆನ್ ಮಾಡಿದರೆ ಎರಡು ದನಿಯ ಒಂದು ಬೀಪ್. ಕಪ್ಪು ಸ್ಕ್ರೀನಿನಲ್ಲಿ ಬಿಳಿ ಅಕ್ಷರದಲ್ಲಿ ಅದರ ಹೆಸರು, ಕೆಳಗೆ ಒಂದು ಬಾಣದ ಗುರುತು, ಮಿನುಗುವ ಗೆರೆ. ಅಷ್ಟೇ. ಅಲ್ಲಿಂದ ಮುಂದೆ ಅದು ನೀವು ಹೇಳುವವರೆಗೆ ಸುಮ್ಮನಿರುತ್ತದೆ. ಕೀ ತಪ್ಪಾಗಿ ಒತ್ತಿ ಏನೋ ಬರೆದರೆ "ಮಿಸ್ಟೇಕ್" ಅಂತ ಹೇಳುತ್ತದೆ. ಸ್ಪೆಕ್ಟ್ರಮ್ ಇನ್ನೂ ಮುಂದೆ ಹೋಗಿ "ನಾನ್ಸೆನ್ಸ್ ಇನ್ ಬೇಸಿಕ್" ಅಂತ ಮುಖಕ್ಕೇ ಹೇಳುತ್ತದೆ. ಬೇಸಿಕ್ ಅಂದರೆ ಆ ಯಂತ್ರಕ್ಕೆ ಆಜ್ಞೆ ಬರೆಯುವ ಭಾಷೆ. ಯಂತ್ರ ಹೀರೋನನ್ನು ಬೈಯುವ ಸೀನು, ಯಾರಾದರೂ ಬಿಟ್ಟುಕೊಡುತ್ತಾರಾ? ಸ್ಪೆಕ್ಟ್ರಮ್‌ನಲ್ಲಿ ಇನ್ನೊಂದು ವಿಶೇಷ. ಸಾಲಿನ ಶುರುವಿನಲ್ಲಿ ಪಿ ಒತ್ತಿದರೆ ಪ್ರಿಂಟ್ ಅನ್ನುವ ಇಡೀ ಪದ ಬರುತ್ತದೆ, ಜೆ ಒತ್ತಿದರೆ ಲೋಡ್. ಅಲ್ಲಿ ನಿಮ್ಮ ನಟ ಟಕಟಕ ಅಂತ ಅಕ್ಷರ ಅಕ್ಷರ ಒತ್ತಿದರೆ ಕೆಲಸ ಕೆಟ್ಟಂತೆ. ಗೇಮ್ ಕ್ಯಾಸೆಟ್‌ನಲ್ಲಿ ಬರುತ್ತಿತ್ತು. ಟೇಪ್ ರೆಕಾರ್ಡರ್ ಪ್ಲೇ ಒತ್ತಿದರೆ ಕಿವಿ ಕೊರೆಯುವ ಸದ್ದು, ಸ್ಕ್ರೀನಿನ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿ, ಆಮೇಲೆ ನೀಲಿ ಮತ್ತು ಹಳದಿ ಪಟ್ಟಿ. ಐದು ನಿಮಿಷ ಕಾದಮೇಲೆ ಲೋಡಿಂಗ್ ಎರರ್ ಬಂದರೆ ಮೊದಲಿಂದ ಶುರು. ಪಿಸಿ ಆದರೆ, ಹಾರ್ಡ್ ಡಿಸ್ಕ್ ಇಲ್ಲದ ಯಂತ್ರದಲ್ಲಿ ಸ್ಕ್ರೀನ್ ಮೇಲೆ ಇರಬೇಕಾದ್ದು ಹಾರ್ಡ್ ಡಿಸ್ಕಿನ ಗುರುತಾದ ಸಿ ಅಲ್ಲ, ಫ್ಲಾಪಿಯ ಗುರುತಾದ ಎ ಅಕ್ಷರ. ಯಂತ್ರವನ್ನು ಶುರು ಮಾಡುವ ಡಾಸ್ ಫ್ಲಾಪಿ ಹಾಕಿ, ಅದು ಗರಗರ ಅಂತ ಓದಿ, ಆಮೇಲೆ ಪತ್ರ ಗಿತ್ರ ಬರೆಯುವ ವರ್ಡ್‌ಸ್ಟಾರ್ ಫ್ಲಾಪಿ ಬದಲಾಯಿಸಿ ಹಾಕಬೇಕು.

"ಹಳೇ ಮಾನಿಟರ್ ಶೂಟ್ ಮಾಡಿದರೆ ಪಟ್ಟಿ ಪಟ್ಟಿ ಬರುತ್ತದೆ" ಅನ್ನುವ ನೆಪ ನನಗೆ ಒಬ್ಬ ಕ್ಯಾಮೆರಾಮನ್ ಹೇಳಿದ್ದುಂಟು. ಆ ತೊಂದರೆ ನಿಜ. ಸ್ಕ್ರೀನ್ ಸೆಕೆಂಡಿಗೆ ಇಷ್ಟು ಸಲ ಅಂತ ಮೇಲಿಂದ ಕೆಳಗೆ ಹೊಸದಾಗಿ ಬರೆಯಲ್ಪಡುತ್ತದೆ. ಕ್ಯಾಮೆರಾದ ವೇಗ ಅದಕ್ಕೆ ಹೊಂದದಿದ್ದರೆ ಕಪ್ಪು ಪಟ್ಟಿ ಮೇಲೆ ಕೆಳಗೆ ಜಾರುತ್ತದೆ. ಅಮೆರಿಕದವರಿಗೆ ಇದು ದೊಡ್ಡ ತಲೆನೋವು. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್, ಅಲ್ಲಿನ ಟಿವಿ 60 ಸಲ. ಅದಕ್ಕೆಂದೇ 24 ಫ್ರೇಮಿಗೆ ಹೊಂದುವ ವಿಶೇಷ ವಿಡಿಯೋ ವ್ಯವಸ್ಥೆ ಮಾಡಿಕೊಂಡರು. ಬಿಬಿಸಿಯವರಿಗೆ ಆ ಕಷ್ಟ ಇರಲಿಲ್ಲ. ಅವರ ಟಿವಿ 50, ಬಿಬಿಸಿ ಮೈಕ್ರೋ ಕೂಡ 50, ವಿಡಿಯೋ ಕ್ಯಾಮೆರಾವೂ 50. ನಮ್ಮ ದೇಶದ್ದೂ ಅದೇ 50. ನೀವು ಕ್ಯಾಮೆರಾವನ್ನು 25 ಫ್ರೇಮಿಗೆ, ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಇಟ್ಟರೆ ಆ ಕಾಲದ ಮೈಕ್ರೋದ ಸ್ಕ್ರೀನು ಹೆಚ್ಚೂಕಮ್ಮಿ ನಿಂತುಬಿಡುತ್ತದೆ. ಐಬಿಎಂ ಪಿಸಿಯ ಹಳೇ ಹಸಿರು ಮಾನಿಟರ್ ಕೂಡ 50ರದ್ದೇ. ನಿಮ್ಮ ಛಾಯಾಗ್ರಾಹಕರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಹಿಂದಿನ ದಿನ ಒಂದು ಗಂಟೆ ಬಿಡುವು ಕೊಟ್ಟು ಟೆಸ್ಟ್ ಮಾಡಲು ಬಿಡಿ ಅಷ್ಟೇ.

ಹಾಗಾಗಿ ನಾನು ಕೇಳುವುದು ಇಷ್ಟು. ಕಥೆಯಲ್ಲಿ ಹಳೇ ಕಂಪ್ಯೂಟರ್ ಬರುತ್ತದೆ ಅಂದರೆ ಸ್ಕ್ರಿಪ್ಟ್ ಹಂತದಲ್ಲೇ ಯಾವ ವರ್ಷ, ಯಾವ ಊರು, ಯಾರ ಮನೆ ಅಂತ ನೋಡಿ ಯಂತ್ರ ಗೊತ್ತುಮಾಡಿ, ಶೂಟಿಂಗ್ ದಿನ ಬೆಳಿಗ್ಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹುಡುಗನನ್ನು ಓಡಿಸಬೇಡಿ. ಯಂತ್ರವೇ ಸಿಗಲಿಲ್ಲ ಅಂದರೆ ಡಬ್ಬಿ ಸಿಕ್ಕರೂ ಸಾಕು. ಬಿಬಿಸಿ ಮೈಕ್ರೋ, ಸ್ಪೆಕ್ಟ್ರಮ್ ಎರಡಕ್ಕೂ ಬ್ರೌಸರಿನಲ್ಲೇ ಓಡುವ, ಹಳೇ ಯಂತ್ರದಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್‌ಗಳು ಪುಕ್ಕಟೆ ಸಿಗುತ್ತವೆ, ಒಳಗೆ ಒಂದು ಸಣ್ಣ ಲ್ಯಾಪ್‌ಟಾಪ್ ಬಚ್ಚಿಟ್ಟರೆ ಸ್ಕ್ರೀನ್ ಮೇಲೆ ಬರುವುದು ಅಪ್ಪಟ ನಿಜದ್ದು. ಬಿಬಿಸಿಯು 2018ರಲ್ಲಿ ಆ ಹಳೇ ಕಂಪ್ಯೂಟರ್ ಕಾರ್ಯಕ್ರಮಗಳನ್ನೆಲ್ಲ, 267 ಅಂತ ಲೆಕ್ಕ, ಅಂತರ್ಜಾಲದಲ್ಲಿ ಇಟ್ಟಿದೆ, ಅವುಗಳಲ್ಲಿ ತೋರಿಸಿದ ಪ್ರೋಗ್ರಾಮ್‌ಗಳನ್ನೂ ಓಡಿಸಿ ನೋಡಬಹುದು. ಕಲಾ ವಿಭಾಗದ ಹುಡುಗರಿಗೆ ಒಂದು ವಾರ ಅದನ್ನು ನೋಡಲು ಬಿಟ್ಟರೆ ನನ್ನ ಪತ್ರದ ಅಗತ್ಯವೇ ಇರುವುದಿಲ್ಲ. ನಟರಿಗೆ ನಿಜವಾಗಿ ಒತ್ತಲು ಹೇಳಿ, ಎಂಟರ್ ಒತ್ತಲು ಹೇಳಿ, ಉತ್ತರ ಬರುವವರೆಗೆ ಕಾಯಲು ಹೇಳಿ. ಆ ಕಾಯುವ ಮುಖದಲ್ಲಿ ನಟನೆಗೆ ಬೇಕಾದಷ್ಟು ಜಾಗ ಇದೆ. ಇವತ್ತಿನ ಕಥೆಯಾದರೂ ಪೊಲೀಸ್ ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ಮಸುಕಾದ ನಂಬರ್ ಪ್ಲೇಟನ್ನು ಒಂದೇ ಏಟಿಗೆ ಸ್ಪಷ್ಟ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

ಇನ್ನೊಂದು ಮಾತು ಚಾನೆಲ್ಲುಗಳನ್ನು, ಒಟಿಟಿಗಳನ್ನು ನಡೆಸುವವರಿಗೆ. ಕಲಾ ನಿರ್ದೇಶಕರನ್ನು ಕೇಳಿದರೆ ಬಜೆಟ್ ಇಲ್ಲ ಅನ್ನುತ್ತಾರೆ, ಟೈಮ್ ಇಲ್ಲ ಅನ್ನುತ್ತಾರೆ. ಅದೂ ಸುಳ್ಳಲ್ಲ. ದಿನಕ್ಕೊಂದು ಕಂತು ಮುಗಿಸಬೇಕಾದವರಿಗೆ 1986 ಏನು, 1996 ಏನು. ನಾಯಕಿಯ ಸೀರೆಗೆ ಕೊಡುವ ಗಮನದಲ್ಲಿ ಒಂದು ಪಾಲು ಸ್ಕ್ರೀನಿಗೂ ಕೊಡಿಸಿ. ರಾಜ್ಯದ ಎಷ್ಟೋ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸ್ಟೋರ್ ರೂಮಿನಲ್ಲಿ ಇಂಥ ಯಂತ್ರಗಳು ಕಂಡೆಮ್ ಆಗಿ, ಹರಾಜಿಗೆ ಕಾಯುತ್ತಾ ಬಿದ್ದಿರುತ್ತವೆ. ಗುಜರಿಗೆ ಹೋಗುವ ಮೊದಲು ಕೇಳಿದರೆ ನಿಮಗೆ ಸಿಗಬಹುದು. ಅವನ್ನು ಓಡಿಸುತ್ತಿದ್ದ ನನ್ನಂಥವರು ಇನ್ನೂ ಇದ್ದೇವೆ. ಕರೆದರೆ ಬರುತ್ತೇವೆ, ಸಂಭಾವನೆ ಬೇಡ, ಬಸ್ ಚಾರ್ಜು ಮತ್ತು ಮಧ್ಯಾಹ್ನದ ಊಟ ಕೊಟ್ಟರೆ ಸಾಕು. ಸೆಟ್ಟಿಗೆ ಬಂದರೆ ಒಂದು ಷರತ್ತು ಮಾತ್ರ, ಕಂಪ್ಯೂಟರ್ ಇರುವ ರೂಮಿಗೆ ಯಾರೂ ಚಹಾ ಲೋಟ ತರಬಾರದು.

ಇಂತಿ,
ನಿಮ್ಮ ಕಾರ್ಯಕ್ರಮಗಳನ್ನು ಇನ್ನೂ ನೋಡುತ್ತಿರುವ
ಒಬ್ಬ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್